ಚಪ್ಪಾಳೆ ಮನೆಯ ಹುಡುಗಿ

ನಮ್ಮ ಬೀದಿಯವರು ನಮ್ಮ ಮನೆಗೆ ಚಪ್ಪಾಳೆ ಮನೆ ಎಂದು ಹೆಸರಿಟ್ಟಿದ್ದಾರೆ. ಆಡಿಕೊಳ್ಳಲು ಇಟ್ಟ ಹೆಸರು, ತಪ್ಪು ನಮ್ಮದೇ. ಮಗಳು ಹುಟ್ಟಿದಾಗ ಅಂಗೈಯಷ್ಟಿದ್ದಳು, ಅದಕ್ಕೇ ಗುಬ್ಬಿ ಎಂದು ಕರೆದೆವು. ಒಂದು ತುತ್ತು ನುಂಗಿದರೆ ಸಾಕು, ಮನೆಯವರೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ಎದ್ದು ನಿಂತರೆ ಚಪ್ಪಾಳೆ, ಹೆಜ್ಜೆ ಇಟ್ಟರೆ ಚಪ್ಪಾಳೆ. ಈಗ ಅವಳಿಗೆ ಒಂಬತ್ತು ವರ್ಷ. ಚಪ್ಪಾಳೆ ಮಾತ್ರ ನಿಂತಿಲ್ಲ.

"ಅಮ್ಮಾ, ಚೆನ್ನಾಗಿದೆಯಾ?" ಬೆಳಗ್ಗೆ ಕಣ್ಣು ಬಿಟ್ಟರೆ ಇದೇ ರಾಗ. ಜಡೆ ಹಾಕಿಕೊಂಡರೆ ಕೇಳುತ್ತಾಳೆ, ಹಾಸಿಗೆ ಮಡಚಿದರೆ ಕೇಳುತ್ತಾಳೆ, ಒಂದು ಸಾಲು ಬರೆದರೆ ಪುಸ್ತಕ ಹಿಡಿದು ಓಡಿ ಬರುತ್ತಾಳೆ. ನಮ್ಮದು ಸೈಕಲ್ ರಿಪೇರಿ ಅಂಗಡಿ, ಮನೆಯ ಮುಂದಿನ ಕೋಣೆಯೇ ಅಂಗಡಿ. ಚಕ್ರದ ಬೆಂಡು ತೆಗೆಯುವುದು, ಬ್ರೇಕು ಬಿಗಿಯುವುದು ಯಜಮಾನರ ಕೆಲಸ, ಪಂಕ್ಚರ್ ನನ್ನದು. ಕೈಗೆಲ್ಲ ಸಲ್ಯೂಷನ್ ಅಂಟು ಮೆತ್ತಿಕೊಂಡು ಕೂತಿರುವಾಗಲೇ ಮೂಗಿನ ಕೆಳಗೆ ಪುಸ್ತಕ ಬರುತ್ತದೆ. ಯಜಮಾನರು ತಲೆ ಎತ್ತದೆ "ಸೂಪರ್" ಎನ್ನುತ್ತಾರೆ. ನಮ್ಮತ್ತೆ ಏನು ಎತ್ತ ಎಂದು ನೋಡದೆ ಒಳಗಿನಿಂದಲೇ ಚಪ್ಪಾಳೆ ತಟ್ಟುತ್ತಾರೆ. ನಾನೂ ಚೆನ್ನಾಗಿದೆ ಹೋಗಮ್ಮ ಎಂದು ಸಾಗಹಾಕುತ್ತೇನೆ. ಐದು ನಿಮಿಷಕ್ಕೆ ಮತ್ತೆ ಹಾಜರು. ಹೇಳಿ ಹೇಳಿ ನನಗೆ ಸಾಕುಸಾಕಾಗಿತ್ತು.

ಹೀಗಿರುವಾಗ ಒಂದು ದಿನ ಶಾಲೆಯಿಂದ ಕರೆ ಬಂತು. ಟೀಚರ್ ನನ್ನ ಮುಂದೆ ಗುಬ್ಬಿಯ ಗಣಿತದ ಪೇಪರ್ ಇಟ್ಟರು. ಹತ್ತು ಕಳೆಯುವ ಲೆಕ್ಕ, ಎಂಟು ತಪ್ಪು. ಅಳಿಸಿ ಅಳಿಸಿ ಕಾಗದ ಅಲ್ಲಲ್ಲಿ ತೂತು ಬಿದ್ದಿತ್ತು. ಆ ದಿನ ಪರೀಕ್ಷೆ ನೋಡಿಕೊಳ್ಳಲು ಬೇರೆ ಟೀಚರ್ ಕೂತಿದ್ದರಂತೆ. ಇವಳು ಒಂದೊಂದು ಲೆಕ್ಕ ಮುಗಿಸಿ ಅವರ ಮುಖ ನೋಡಿದ್ದಾಳೆ. ಅವರು ಸುಮ್ಮನೆ ಕೂತಿದ್ದಾರೆ. ಪರೀಕ್ಷೆಯಲ್ಲಿ ಯಾರು ತಾನೇ ತಲೆ ಆಡಿಸುತ್ತಾರೆ? ಹಾಗಾದರೆ ತಪ್ಪೇ ಇರಬೇಕು ಎಂದು ಅಳಿಸಿ, ಬೇರೆ ಬರೆದು, ಮತ್ತೆ ಮುಖ ನೋಡಿದ್ದಾಳೆ.

ಟೀಚರ್ ಪೇಪರನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಅಳಿಸಿದ ಗುರುತು ನೋಡಿ. ಮೊದಲು ಬರೆದಿದ್ದೆಲ್ಲ ಸರಿ ಉತ್ತರ."

ದಡ್ಡಿಯಾಗಿದ್ದರೆ ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಎಲ್ಲ ಬರುತ್ತದೆ, ಬಂದದ್ದನ್ನು ತಾನೇ ಅಳಿಸುತ್ತಾಳೆ. ಮೂರು ವಾರ ಬಿಟ್ಟು ಇನ್ನೊಮ್ಮೆ ಬರೆಸುತ್ತೇನೆ, ಆಗಲೂ ಹೀಗಾದರೆ ಕೆಳಗಿನ ತರಗತಿಯಲ್ಲಿ ಕೂರಿಸಬೇಕಾಗುತ್ತದೆ ಎಂದರು ಟೀಚರ್. ಮನೆಗೆ ಬಂದು ಹೇಳಿದರೆ ನಮ್ಮತ್ತೆ, ಆ ಇನ್ನೊಬ್ಬ ಟೀಚರ್ ಒಂದು ಸಲ ತಲೆ ಆಡಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದರು. ನಾನು ಎದ್ದು ಅಂಗಡಿಗೆ ಹೋದೆ.

ಸಂಜೆ ನರ್ಸಕ್ಕ ಸೈಕಲ್ ತಳ್ಳಿಕೊಂಡು ಬಂದರು. ಮನೆಮನೆಗೆ ಹೋಗಿ ಮಕ್ಕಳಿಗೆ ಲಸಿಕೆ ಹಾಕುವವರು ಅವರು. ಹಿಂದಿನ ಚಕ್ರ ಪಂಕ್ಚರ್. ಟ್ಯೂಬ್ ಬಿಚ್ಚುತ್ತಾ ನನ್ನ ಗೋಳನ್ನೆಲ್ಲ ತೋಡಿಕೊಂಡೆ. ಅವರು ಕೇಳಿಸಿಕೊಂಡರು. ನಾನು ಪ್ಯಾಚ್ ಹಾಕಿ, ಗಾಳಿ ತುಂಬಿ, ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಮುಳುಗಿಸಿದೆ. ಗುಳ್ಳೆ ಏಳಲಿಲ್ಲ, ಗಾಳಿ ಸೋರುತ್ತಿಲ್ಲ ಎಂದರ್ಥ.

"ಪ್ಯಾಚ್ ಸರಿಯಾಗಿದೆಯಾ ಅಂತ ನನ್ನ ಕೇಳಲೇ ಇಲ್ವಲ್ಲ ನೀವು?" ಎಂದರು.

"ನಿಮ್ಮನ್ನ ಯಾಕೆ ಕೇಳ್ಲಿ? ನೀರು ತೋರಿಸುತ್ತಲ್ಲ."

"ಗುಬ್ಬಿಗೆ ಆ ನೀರು ಕೊಟ್ಟಿದ್ದೀರಾ? ಬರೀ ಚಪ್ಪಾಳೆ ಕೊಟ್ಟಿದ್ದೀರಿ."

ನನಗೆ ಸಿಟ್ಟೇ ಬಂತು. ಹೊಗಳದಿದ್ದರೆ ಮಗು ಮುದುಡಿ ಹೋಗುವುದಿಲ್ಲವೇ, ನಾವೇನು ಕಲ್ಲುಗಳೇ ಎಂದು ಕೇಳಿದೆ. ಮುದ್ದು ಮಾಡಬೇಡಿ ಎಂದು ಯಾರು ಹೇಳಿದರು ಎಂದರು ಅವರು. ತಬ್ಬಿಕೊಳ್ಳಿ, ಪಕ್ಕದಲ್ಲಿ ಕೂರಿಸಿಕೊಳ್ಳಿ, ತಪ್ಪು ಮಾಡಿದರೆ ಬೈಯಬೇಡಿ. ಆದರೆ ಚೆನ್ನಾಗಿದೆಯಾ ಎಂದು ಕೇಳಿದಾಗ ತಕ್ಷಣ ತೀರ್ಪು ಕೊಡಬೇಡಿ. ನಿನಗೇನನ್ಸುತ್ತೆ ಎಂದು ಕೇಳಿ. ಹೇಗೆ ಗೊತ್ತಾಯ್ತು ಎಂದು ಕೇಳಿ. ಸೂಪರ್ ಎನ್ನುವ ಬದಲು ಕಣ್ಣಾರೆ ಕಂಡದ್ದನ್ನು ಹೇಳಿ: ನೀನು ಮೂರು ಸಲ ಬಿಚ್ಚಿ ಜಡೆ ಹಾಕಿಕೊಂಡದ್ದು ನೋಡ್ದೆ ಅಂತ. ಅಷ್ಟೇ.

ಅಷ್ಟೇ ಅಂತೆ. ಮೊದಲ ವಾರ ನನ್ನ ಪ್ರಾಣ ಹೋಯಿತು. ನಿನಗೇನನ್ಸುತ್ತೆ ಎಂದರೆ ಗುಬ್ಬಿ, "ನಿನಗೆ ಏನನ್ಸುತ್ತೋ ಅದೇ ಅನ್ಸುತ್ತೆ" ಎಂದಳು. ಮತ್ತೆ ಕೇಳಿದರೆ ಅತ್ತಳು. ಯಜಮಾನರು ಅಭ್ಯಾಸಬಲದಿಂದ "ಸೂ" ಎಂದು ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ನಮ್ಮತ್ತೆ ಮೊಮ್ಮಗಳನ್ನು ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲಿಸಿಕೊಂಡು ಸದ್ದಾಗದಂತೆ ಎರಡೇ ಬೆರಳಲ್ಲಿ ಚಪ್ಪಾಳೆ ತಟ್ಟುವಾಗ ಸಿಕ್ಕಿಬಿದ್ದರು. ಈ ಪಾಡಿಗಿಂತ ಹಳೇ ಚಪ್ಪಾಳೆಯೇ ವಾಸಿ ಎಂದು ನಾನೇ ಒಂದು ದಿನ ಕೂಗಾಡಿದೆ.

ಎರಡನೇ ವಾರ ಅವಳ ಕೈಗೆ ಒಂದು ಹಳೇ ಟ್ಯೂಬ್ ಕೊಟ್ಟೆ. ಉಜ್ಜಿದಳು, ಸಲ್ಯೂಷನ್ ಹಚ್ಚಿದಳು, ಪ್ಯಾಚ್ ಒತ್ತಿದಳು, ನನ್ನ ಮುಖ ನೋಡಿದಳು. ನಾನು ಕಳೆದೇ ಹೋಗಿರದ ನಟ್ಟು ಹುಡುಕುತ್ತಾ ಬೆಂಚಿನ ಕೆಳಗೆ ತಲೆ ತೂರಿಸಿದೆ. ಕಾದು ಕಾದು ಅವಳೇ ಗಾಳಿ ತುಂಬಿ ಟ್ಯೂಬನ್ನು ನೀರಿಗೆ ಇಳಿಸಿದಳು. ಗುಳ್ಳೆ ಎದ್ದಿತು. ಪ್ಯಾಚ್ ಕಿತ್ತು ಮತ್ತೆ ಹಾಕಿದಳು. ಈ ಸಲ ಏಳಲಿಲ್ಲ. ಬಾಣಲೆಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕೂತಿದ್ದು, ಎದ್ದು ಕೈ ತೊಳೆಯಲು ಹೋದಳು. ಚೆನ್ನಾಗಿದೆಯಾ ಎಂದು ಕೇಳಲಿಲ್ಲ. ಬೆಂಚಿನ ಕೆಳಗೇ ನನ್ನ ಕಣ್ಣಲ್ಲಿ ನೀರು ಬಂತು.

ಆಮೇಲೆ ಕೂರಿಸಿಕೊಂಡು ಹೇಳಿದೆ: ಕಳೆಯುವ ಲೆಕ್ಕಕ್ಕೂ ಇಂಥದೇ ಒಂದು ಬಾಣಲೆ ಇದೆ. ಬಂದ ಉತ್ತರಕ್ಕೆ ಕಳೆದದ್ದನ್ನು ಕೂಡು. ಮೊದಲಿನ ಸಂಖ್ಯೆ ಬಂದರೆ ಸರಿ, ಬರದಿದ್ದರೆ ಗುಳ್ಳೆ. ಅಂದಿನಿಂದ ಪುಸ್ತಕದ ಅಂಚಿನಲ್ಲೆಲ್ಲ ಪುಟ್ಟ ಪುಟ್ಟ ಕೂಡುವ ಲೆಕ್ಕಗಳು ಕಾಣಿಸತೊಡಗಿದವು.

ಮತ್ತೆ ಪರೀಕ್ಷೆ ಬಂತು. ಅದೇ ಇನ್ನೊಬ್ಬ ಟೀಚರ್ ಕೂತಿದ್ದರು. ನಾನು ವರಾಂಡದಲ್ಲಿ ಉಗುರು ಕಡಿಯುತ್ತಾ ನಿಂತೆ. ಕಿಟಕಿಯಿಂದ ನೋಡಿದರೆ ಗುಬ್ಬಿ ಒಂದು ಸಲ ತಲೆ ಎತ್ತಿದಳು, ಮತ್ತೆ ಬಗ್ಗಿಸಿದಳು. ಮನೆಗೆ ಬರುವಾಗ ಚೀಲ ಬೀಸುತ್ತಾ ನಡೆದಳೇ ಹೊರತು ತುಟಿ ಬಿಚ್ಚಲಿಲ್ಲ. ನನಗೋ ಜೀವ ಹೋಗುತ್ತಿದೆ. ಕೊನೆಗೆ ತಡೆಯಲಾರದೆ, ಹೇಗೆ ಬರೆದೆ ಎಂದೆ.

"ಒಂಬತ್ತು ಸರಿ. ಒಂದು ಕೂಡಿ ನೋಡಿದ್ರೆ ಬರ್ಲಿಲ್ಲ, ಅಷ್ಟರಲ್ಲಿ ಬೆಲ್ ಆಯ್ತು. ಅದು ತಪ್ಪು."

ಮರುದಿನ ಪೇಪರ್ ಬಂತು. ಒಂಬತ್ತು ಸರಿ, ಒಂದು ತಪ್ಪು. ಕಾಗದದಲ್ಲಿ ಒಂದು ತೂತೂ ಇರಲಿಲ್ಲ. ಗುಬ್ಬಿ ತನ್ನ ತರಗತಿಯಲ್ಲೇ ಉಳಿದಳು.

ಪೇಪರ್ ಹಿಡಿದು ನರ್ಸಕ್ಕನ ಹತ್ತಿರ ಓಡಿದೆ. ಗುಬ್ಬಿಯೂ ಹಿಂದೆಯೇ ಬಂದಳು. "ಅಕ್ಕ, ನಾನು ಮಾಡಿದ್ದು ಸರಿಯಾಯ್ತಾ?" ಎಂದೆ.

ನರ್ಸಕ್ಕ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಗುಬ್ಬಿ, "ನಿನಗೇನನ್ಸುತ್ತೆ ಅಮ್ಮಾ?" ಎಂದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಅಜ್ಜಿ ತಾತಂದಿರೇ, ನಿಮ್ಮ ಮನೆಯಲ್ಲೂ ಒಬ್ಬ ಗುಬ್ಬಿ ಇರಬಹುದು. ಇವತ್ತು ಚೆನ್ನಾಗಿದೆಯಾ ಎಂದು ಕೇಳಿಕೊಂಡು ಬಂದರೆ ಕೈಯಲ್ಲಿದ್ದ ಕೆಲಸ ಕೆಳಗಿಡಿ, ಪೂರ್ತಿ ನೋಡಿ, ನಿನಗೇನನ್ಸುತ್ತೆ ಎಂದು ಕೇಳಿ. ಆಮೇಲೆ ಬಾಯಿ ಮುಚ್ಚಿಕೊಂಡು ಕಾಯಿರಿ. ಮೈ ಪರಚಿಕೊಳ್ಳುವಷ್ಟು ಕಷ್ಟವಾಗುತ್ತದೆ, ನನಗೆ ಗೊತ್ತು. ಆದರೂ ಕಾಯಿರಿ. ಪರೀಕ್ಷೆಯ ಕೋಣೆಗೆ ನಮ್ಮ ಚಪ್ಪಾಳೆಯನ್ನು ಬಿಡುವುದಿಲ್ಲ, ಒಳಗೆ ಹೋಗುವುದು ಮಗು ಒಂದೇ.