ಸಿಂಪಡಣೆಗೆ ಮುಂಚಿನ ಉಪ್ಪು

2019ರ ಮಾರ್ಚ್ 14, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಮಕ್ಕಳ ಡಾಕ್ಟರು ಎರಡನೆಯ ರಿಪೋರ್ಟನ್ನು ಅವಳ ಕಡೆಗೆ ತಿರುಗಿಸಿಟ್ಟರು. ಹುಟ್ಟಿದ ಮೂರನೆಯ ದಿನ ಮಗಳ ಹಿಮ್ಮಡಿ ಚುಚ್ಚಿ ತೆಗೆದ ರಕ್ತದಲ್ಲಿ ಟಿಎಸ್‌ಎಚ್ 62 ಇತ್ತು. ಈಗ ಕೈಯ ನರದಿಂದ ತೆಗೆದದ್ದರಲ್ಲಿ 58. ಹತ್ತರೊಳಗೆ ಇರಬೇಕಾದದ್ದು.

"ಥೈರಾಯ್ಡ್ ಸರಿಯಾಗಿ ಕೆಲಸ ಮಾಡ್ತಿಲ್ಲಮ್ಮ. ಇವತ್ತೇ ಮಾತ್ರೆ ಶುರು ಮಾಡೋಣ. ಬಿಟ್ಟರೆ ಬುದ್ಧಿ ಬೆಳೆಯೋದಕ್ಕೇ ಏಟು. ಮನೇಲಿ ಯಾವ ಉಪ್ಪು ಬಳಸ್ತೀರಿ?"

ಮಗುವನ್ನು ಎತ್ತಿಕೊಂಡು ಕೂತಿದ್ದ ಅತ್ತೆಗೆ ಅಲ್ಲೂ ನಗು ಬಂತು. "ಚೆನ್ನಾಗಿ ಕೇಳಿದ್ರಿ ಡಾಕ್ಟ್ರೇ! ಉಪ್ಪಿನ ಕಾರ್ಖಾನೇಲಿ ಅಯೋಡಿನ್ ಅಳೆಯೋಳೇ ನನ್ನ ಸೊಸೆ. ಊರೋರೆಲ್ಲ ತಿನ್ನೋದು ಇವಳು ಪಾಸು ಮಾಡಿದ್ದನ್ನೇ."

ಅವಳೂ ಹೌದೆಂದು ತಲೆಯಾಡಿಸಿದಳು. ಡಾಕ್ಟರು ಬರೆದುಕೊಂಡರು.

ಮಧ್ಯಾಹ್ನ ಮಾತ್ರೆಯನ್ನು ಚಮಚದಲ್ಲಿ ಪುಡಿ ಮಾಡಿ, ಒಂದಿಷ್ಟು ಎದೆಹಾಲಿನಲ್ಲಿ ಕಲಸಿ ಮಗುವಿನ ಕೆನ್ನೆಯೊಳಕ್ಕೆ ಇಳಿಸಿದಳು. ಚಮಚದ ಅಂಚಿನಲ್ಲಿ ಉಳಿದ ಬಿಳಿ ಪುಡಿಯನ್ನೂ ಬಳಿದು ಬಾಯಿಗಿಟ್ಟಳು. ಮಗು ಅಳಲಿಲ್ಲ. ಈ ಒಂಬತ್ತು ದಿನವೂ ಹೆಚ್ಚು ಅತ್ತದ್ದಿಲ್ಲ. ಬಂಗಾರದಂಥ ಮಗು, ಗಲಾಟೆಯೇ ಇಲ್ಲ ಎಂದು ನೋಡಲು ಬಂದವರೆಲ್ಲ ಹೊಗಳಿ ಹೋಗಿದ್ದರು.

ನಾಲ್ಕು ಗಂಟೆಗೆ ಬ್ಯೂರೆಟ್ಟಕ್ಕ ಬಂದಳು. ಲ್ಯಾಬಿನಲ್ಲಿ ಅವಳಿಗಿಂತ ಹಿರಿಯಳು. ಗಾಜಿನ ಅಳತೆಕೊಳವೆಯ ಹಾಗೆ ಉದ್ದಕ್ಕೆ, ಸಪೂರಕ್ಕೆ ಇದ್ದಳು, ಅದಕ್ಕೇ ಆ ಹೆಸರು.

"ಏನೇ ಬಾಣಂತಿ, ನೀನಿಲ್ಲದೆ ನಿನ್ನ ಪಾಲೆಲ್ಲ ಪ್ಯಾಕಿಂಗಿನೋರ ಬಾಯಿಗೆ ಬೀಳೋದಿತ್ತು. ಕಾದು ಕಾದು ಎತ್ತಿಟ್ಟಿದ್ದೀನಿ," ಎನ್ನುತ್ತ ಚೀಲದಿಂದ ನಾಲ್ಕು ಪೊಟ್ಟಣ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು.

ಪೊಟ್ಟಣಗಳ ಮೇಲಿನ ಚೀಟಿಗಳು, ಹೆರಿಗೆ ರಜೆಗೆ ಹೋಗುವ ಮುನ್ನ ಅವಳೇ ಕೂತು ಬರೆದಿಟ್ಟವು. ದುಂಡಗಿನ ಅಕ್ಷರ: ಸಿಂಪಡಣೆಗೆ ಮುಂಚೆ.

ಪ್ರತಿ ಪಾಳಿಯಲ್ಲಿ ಅಯೋಡಿನ್ ಸಿಂಪಡಿಸುವ ಮೊದಲು ಅರ್ಧ ಕಿಲೋ, ಸಿಂಪಡಿಸಿದ ಮೇಲೆ ಅರ್ಧ ಕಿಲೋ ಉಪ್ಪು ಲ್ಯಾಬಿಗೆ ಬರುತ್ತಿತ್ತು. ಎರಡರಿಂದಲೂ ಪರೀಕ್ಷೆಗೆ ಬೇಕಾದದ್ದು ಹತ್ತೇ ಗ್ರಾಂ. ಸಿಂಪಡಿಸಿದ್ದರಲ್ಲಿ ಉಳಿದದ್ದನ್ನು ಮೊಹರು ಹಾಕಿ ಒಂದು ವರ್ಷ ಕಾಯ್ದಿಡಬೇಕು, ಮುಟ್ಟುವಂತಿಲ್ಲ. ಮೊದಲಿನದರಲ್ಲಿ ಉಳಿದದ್ದು ಲ್ಯಾಬಿನವರಿಗೆ. ಯಾರು ಮಾಡಿದ ಕಟ್ಟಳೆಯೋ, ಅವಳು ಸೇರುವ ಮೊದಲಿನಿಂದಲೂ ಇತ್ತು. ಲ್ಯಾಬಿನಲ್ಲಿ ಅದು ಹೋಲಿಕೆಯ ಮಾದರಿ, ಮನೆಯಲ್ಲಿ ಬರೀ ಉಪ್ಪು. ಆರು ವರ್ಷ ಅದನ್ನು ಹೊತ್ತು ತಂದಿದ್ದಳು. ಬಸುರಿಯ ಒಂಬತ್ತು ತಿಂಗಳೂ ಅದರಲ್ಲಿ ಸೇರಿದ್ದವು.

"ಅಕ್ಕ, ಪರೀಕ್ಷೆ ಬಾಟಲಿ ಇದೆಯಾ?"

ಬ್ಯೂರೆಟ್ಟಕ್ಕನ ಚೀಲದಲ್ಲಿ ಅದು ಯಾವಾಗಲೂ ಇರುತ್ತಿತ್ತು. ಅದನ್ನು ಇಸಿದುಕೊಂಡು ಅವಳು ಅಡುಗೆಮನೆಯ ಡಬ್ಬಿಯಿಂದ ಒಂದು ಚಮಚ ಉಪ್ಪನ್ನು ತಟ್ಟೆಗೆ ಸುರಿದು, ಸಮ ಮಾಡಿ, ಎರಡು ಹನಿ ಬಿಟ್ಟಳು. ಅಯೋಡಿನ್ ಇದ್ದರೆ ಕ್ಷಣದಲ್ಲಿ ನೀಲಿ. ಗಡಿಯಾರ ನೋಡುತ್ತ ಒಂದು ನಿಮಿಷ ಕಾದಳು. ಉಪ್ಪು ಒದ್ದೆಯಾಯಿತು, ಅಷ್ಟೇ.

"ಉಪ್ಪು ತಿಂದ ಮೇಲೆ…" ಎಂದು ಅತ್ತೆ ಗಾದೆ ಶುರು ಮಾಡಿದವರು ಸೊಸೆಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ತನಗೆ ಅಳು ಬರುತ್ತದೇನೋ ಅಂದುಕೊಂಡಳು ಅವಳು. ಬರಲಿಲ್ಲ. ತಟ್ಟೆ ತೊಳೆದಳು. ಡಬ್ಬಿ ತೊಳೆದು ಬೋರಲು ಹಾಕಿದಳು. ಕೈಗಳು ಯಾರವೋ ಅನ್ನುವ ಹಾಗೆ ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದವು.

"ಅಕ್ಕ, ನಿಮ್ಮ ಬಸುರಿ ಮಗಳಿಗೀಗ ಎಷ್ಟು ತಿಂಗಳು?"

"ನಾಲ್ಕು," ಅಂದಳು ಬ್ಯೂರೆಟ್ಟಕ್ಕ. ಅಂದವಳು ಪೊಟ್ಟಣಗಳನ್ನು ನೋಡಿದಳು. ಆಮೇಲೆ ನಾಲ್ಕನ್ನೂ ಚೀಲಕ್ಕೆ ತುಂಬಿಕೊಂಡು, ಕಾಫಿಗೂ ಕಾಯದೆ ಮೆಟ್ಟಿಲಿಳಿದಳು.

ಸಂಜೆ ಅವಳು ಡಾಕ್ಟರಿಗೆ ಫೋನು ಮಾಡಿ, ಬೆಳಿಗ್ಗೆ ಹೇಳಿದ್ದು ತಪ್ಪು ಎಂದಳು. ಆ ಕಡೆ ಡಾಕ್ಟರು ಹಾಳೆ ತಿರುವುವ ಸದ್ದು ಕೇಳಿಸಿತು.

"ಅದೇ ಕಾರಣವೋ, ಗ್ರಂಥೀಲೇ ದೋಷವೋ, ಈಗಲೇ ಹೇಳೋಕಾಗಲ್ಲಮ್ಮ. ಮೂರು ವರ್ಷ ಆದಮೇಲೆ ಮಾತ್ರೆ ನಿಲ್ಲಿಸಿ ನೋಡಿದ್ರೆ ಗೊತ್ತಾಗುತ್ತೆ. ಅಲ್ಲೀತನಕ ಒಂದು ದಿನವೂ ತಪ್ಪಿಸ್ಬೇಡಿ. ನೀವೂ ಇವತ್ತಿಂದಲೇ ಅಯೋಡಿನ್ ಉಪ್ಪು ತಿನ್ನಿ."

ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯುತ್ತ ಹೋದಳು. ಇಪ್ಪತ್ತನೆಯ ಗೀಟಿನ ಹೊತ್ತಿಗೆ ಮಗು ಮನೆ ಹಾರಿಹೋಗುವ ಹಾಗೆ ಅಳತೊಡಗಿತು. "ಇದೇನೇ ಇದು, ಎಲ್ಲಿ ಅಡಗಿಸಿಟ್ಟಿದ್ಯೇ ಈ ಗಂಟಲು!" ಎಂದು ಅತ್ತೆ ಬೈಯುತ್ತಲೇ ಕಣ್ಣೊರೆಸಿಕೊಂಡರು. ಅವಳು ಅಳುವ ಮಗುವನ್ನು ಎತ್ತಿಕೊಂಡು ಸುಮ್ಮನೆ ಕೇಳಿಸಿಕೊಂಡಳು.

ಏಪ್ರಿಲ್ 11ರಂದು ರಿಪೋರ್ಟು ಬಂತು. ಲ್ಯಾಬಿನ ಅಭ್ಯಾಸ, ಯಾವುದನ್ನೂ ಅವಳು ಒಂದೇ ಸಲ ಓದುವವಳಲ್ಲ. ಮೂರು ಸಲ ಓದಿದಳು. ಮೂರು ಸಲವೂ ಅದೇ. ಟಿಎಸ್‌ಎಚ್: ಲೀಟರಿಗೆ 3.1 ಮಿಲಿ ಯೂನಿಟ್.