ಕಾಲುವೆ ತಿರುವು

ಗೇಟಿನ ಹತ್ತಿರ ಗಾಡಿಯ ಸದ್ದು ಬಂದು ನಿಂತಾಗ ಮುಕಾಶ್ ತನ್ನ ಮೋಟಾರ್‌ಸೈಕಲ್ಲಿನ ತೊಟ್ಟಿಲ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದ. ತಲೆ ಎತ್ತಲಿಲ್ಲ. ಆ ಸದ್ದು ಯಾರದೆಂದು ಅವನಿಗೆ ನಿದ್ದೆಯಲ್ಲಿಯೂ ಗೊತ್ತಾಗುತ್ತಿತ್ತು.

“ಬುರುಲ್, ದಾರ್ಕಾನ್ ಬಂದ. ಚಹಾ ಇಡು. ಇವತ್ತಿನ ಓಟಕ್ಕೆ ಮೊದಲೇ ಸೋಲೊಪ್ಪಿಕೊಳ್ಳೋಕೆ ಬಂದಿರಬೇಕು.”

ಒಲೆಯಿಂದ ರೊಟ್ಟಿ ತೆಗೆಯುತ್ತಿದ್ದ ಹೆಂಡತಿ ಗೇಟಿನ ಕಡೆ ನೋಡಿದಳು. “ಗಾಡಿ ದಾರ್ಕಾನನದು. ಮೇಲೆ ಕೂತಿರೋನು ನಿಮ್ಮ ಜಪಾರ್.”

ಮುಕಾಶ್ ಪಂಪು ಕೆಳಗಿಟ್ಟು ಎದ್ದ. ಜಪಾರ್ ಕೆಂಪು ಜಾವಾದಿಂದ ಇಳಿದಿರಲಿಲ್ಲ. ಎರಡೂ ಕಾಲು ನೆಲಕ್ಕೆ ಊರಿ, ಬೇರೆಯವರ ಕುದುರೆ ಹತ್ತಿದವನ ಹಾಗೆ ಕೂತಿದ್ದ.

“ಭೇಷ್! ಅವನ ಗಾಡೀನೇ ಹಾರಿಸಿಕೊಂಡು ಬಂದ್ಯಾ?” ಎಂದು ಮುಕಾಶ್ ನಕ್ಕ. “ಇವತ್ತು ಅವನು ಕತ್ತೆ ಹತ್ತಿಕೊಂಡು ಬರಲಿ ಬಿಡು.”

ಜಪಾರ್ ನಗಲಿಲ್ಲ. “ಕೊಟ್ಟ, ಅಣ್ಣ. ಅವನು ಹೊಸದು ತಗೊಂಡನಲ್ಲ. ಇದನ್ನ ನನಗೇ ಕೊಟ್ಟುಬಿಟ್ಟ.”

“ನಿಂಗ್ಯಾಕೋ? ಓಡಿಸೋಕೆ ಬರುತ್ತಾ?”

“ಬೇಸಿಗೆಯಿಂದ ಕಲೀತಿದೀನಿ. ಇಟ್ಟಿಗೆ ಗೂಡಿನ ಹಿಂದೆ.”

ಇಟ್ಟಿಗೆ ಗೂಡು ಊರಿನ ಆಚೆ, ಹೊಳೆ ದಾಟಿ. ಅಲ್ಲಿಗೆ ಯಾರೂ ಸುಮ್ಮನೆ ಹೋಗುವುದಿಲ್ಲ. ಬೇಸಿಗೆಯಲ್ಲಿ ಎಷ್ಟೋ ಸಂಜೆ ಜಪಾರ್ ‘ಸೊಂಟ ನೋವು, ಬರಲ್ಲ’ ಎಂದು ಹೇಳಿ ಕಳುಹಿಸಿದ್ದು ಮುಕಾಶನಿಗೆ ನೆನಪಾಯಿತು. ಬುರುಲ್ ಅವನಿಗೆಂದು ಕುರಿಯ ಕೊಬ್ಬು ಕರಗಿಸಿ ಕಳಿಸಿದ್ದಳು, ಉಜ್ಜಿಕೊಳ್ಳಲಿ ಎಂದು.

“ಇವತ್ತು ನಾನು ಇದರಲ್ಲೇ ಓಡ್ತೀನಿ, ಅಣ್ಣ.”

“ಮತ್ತೆ ತೊಟ್ಟಿಲಲ್ಲಿ ಯಾರು?”

ಜಪಾರ್ ಹ್ಯಾಂಡಲಿನ ರಬ್ಬರನ್ನು ಹೆಬ್ಬೆರಳಿನಿಂದ ತಿಕ್ಕುತ್ತಿದ್ದ. “ಒಂದು ಸಲ,” ಎಂದ. “ಒಂದೇ ಒಂದು ಸಲ ಮುಂದೆ ಏನು ಕಾಣುತ್ತೆ ಅಂತ ನೋಡ್ಬೇಕು ನಂಗೆ.” ಚಹಾಕ್ಕೂ ನಿಲ್ಲದೆ ಗಾಡಿ ತಿರುಗಿಸಿದ.

ಮುಕಾಶನ ಯುರಾಲ್ ಮೋಟಾರ್‌ಸೈಕಲ್ಲಿನ ಬಲಕ್ಕೆ ಬಿಗಿದ ಪಕ್ಕದ ಗಾಡಿಗೆ ಆ ಕಣಿವೆಯಲ್ಲಿ ಎಲ್ಲರೂ ತೊಟ್ಟಿಲು ಎನ್ನುತ್ತಾರೆ. ತೊಟ್ಟಿಲಲ್ಲಿ ಹೆಂಡತಿ ಮಕ್ಕಳು ಕೂರುತ್ತಾರೆ, ಕರು ಕೂರುತ್ತದೆ, ಹುಲ್ಲಿನ ಹೊರೆ ಕೂರುತ್ತದೆ. ಬೀನ್ಸ್ ಕಾಳು ಬಡಿದು ಮುಗಿದ ಮೇಲಿನ ಭಾನುವಾರ ಮಾತ್ರ ಅಲ್ಲಿ ಜಪಾರ್ ಕೂರುತ್ತಿದ್ದ. ಆ ದಿನ ಊರಿನ ಮೂರು ಚಕ್ರದವರಿಗೂ ಎರಡು ಚಕ್ರದವರಿಗೂ ಓಟ. ಸೋತ ಕಡೆಯವರದು ಕುರಿ, ಗೆದ್ದವನಿಗೆ ಊರ ಹಿರಿಯರು ಹೊದಿಸುವ ನಿಲುವಂಗಿ. “ತೊಟ್ಟಿಲ ಕೂಸುಗಳಾ, ಹಾಲು ಕುಡಿದು ಬಂದ್ರಾ?” ಎಂದು ಎರಡು ಚಕ್ರದವರು ಕೂಗಿದರೆ, “ನಿಲ್ಲಿಸಿದ್ರೆ ಗೋಡೆಗೆ ಒರಗಿಸ್ಬೇಕು, ನಿಮ್ದೂ ಒಂದು ಗಾಡೀನಾ?” ಎಂದು ಇವರು. ಆ ಒಂದು ದಿನ ಕಳೆದರೆ ವರ್ಷವಿಡೀ ಒಬ್ಬರ ಸ್ಪ್ಯಾನರ್ ಇನ್ನೊಬ್ಬರ ಮನೆಯಲ್ಲಿರುತ್ತಿತ್ತು. ದಾರ್ಕಾನನ ಹೆಂಡತಿಯನ್ನು ಹಿಮದಲ್ಲಿ ಹೆರಿಗೆಗೆ ಸಾಗಿಸಿದ್ದು ಮುಕಾಶನ ತೊಟ್ಟಿಲಲ್ಲೇ.

ತೊಟ್ಟಿಲಿನವನು ಸುಮ್ಮನೆ ಕೂರುವವನಲ್ಲ. ಗಾಡಿ ಬಲಕ್ಕೆ ತಿರುಗಿದರೆ ತೊಟ್ಟಿಲಿನ ಚಕ್ರ ನೆಲ ಬಿಟ್ಟು ಏಳುತ್ತದೆ. ಆಗ ಅವನು ಸೊಂಟದವರೆಗೆ ಹೊರಕ್ಕೆ ಬಾಗಿ, ನೆಲಕ್ಕೆ ತಲೆ ತಾಗುವಷ್ಟು ಇಳಿದು ಅದನ್ನು ಒತ್ತಬೇಕು. ಜಪಾರ್ ಹಾಗೆ ಬಾಗುವುದನ್ನು ನೋಡಲೆಂದೇ ಪಕ್ಕದ ಊರಿನವರು ಬರುತ್ತಿದ್ದರು. ನಿಲುವಂಗಿ ಮಾತ್ರ ಪ್ರತಿಸಲವೂ ಮುಕಾಶನ ಹೆಗಲಿಗೇ ಬೀಳುತ್ತಿತ್ತು.

ಇನ್ನೊಂದು ವಿಷಯ ಜಪಾರನಿಗೆ ಮಾತ್ರ ಗೊತ್ತಿತ್ತು. ಓಟದ ಕೊನೆಯಲ್ಲಿ ಕಾಲುವೆ ಏರಿಯ ಮೇಲೆ ಬಲಕ್ಕೊಂದು ತಿರುವಿದೆ. ಪ್ರಾಯದಲ್ಲಿ ಮುಕಾಶ್ ತನ್ನ ತಮ್ಮ ನೂರ್ದಿನನನ್ನು ಕೂರಿಸಿಕೊಂಡು ಅಲ್ಲಿ ಗಾಡಿ ಮಗುಚಿದ್ದ. ತಮ್ಮ ಕಾಲುವೆಯ ಪಾಲಾದ. ಅಪಘಾತ ಊರಿಗೆಲ್ಲ ಗೊತ್ತಿದ್ದದ್ದೇ. ಆ ತಿರುವು ಬಂದಾಗ ಮುಕಾಶನ ಕಣ್ಣು ತಾನಾಗಿ ಮುಚ್ಚಿಕೊಳ್ಳುವುದು, ಕೈ ವೇಗ ಬಿಟ್ಟುಕೊಡುವುದು ಯಾರಿಗೂ ಗೊತ್ತಿರಲಿಲ್ಲ. ಮೊದಲ ಓಟದಲ್ಲೇ ಜಪಾರ್ ಅದನ್ನು ಕಂಡುಬಿಟ್ಟಿದ್ದ. ಏನೂ ಕೇಳಲಿಲ್ಲ. ಮುಂದಿನ ಸಲ ತಿರುವು ಹತ್ತಿರವಾಗುತ್ತಲೇ “ನಾನಿದೀನಿ, ಬಿಡಿ ಅಣ್ಣ!” ಎಂದು ಕೂಗಿ ಹೊರಕ್ಕೆ ಬಾಗಿದ. ಆ ಕೂಗಿಗೆ ಮುಕಾಶನ ಕಣ್ಣು ತೆರೆದುಕೊಂಡಿತು. ಅಂದಿನಿಂದ ಹಾಗೇ ನಡೆದು ಬಂದಿತ್ತು. ಯಾರಿಗೂ ಹೇಳಬೇಡ ಎಂದು ಮುಕಾಶ್ ಎಂದೂ ಹೇಳಿರಲಿಲ್ಲ. ಹೇಳಬೇಕಾದೀತು ಎಂದು ಅನ್ನಿಸಿರಲೂ ಇಲ್ಲ.

“ನಾನು ಕೂರ್ಲಾ?” ಎಂದು ಬುರುಲ್ ಕೇಳಿದಳು. “ಭಾರ ತಾನೇ ಬೇಕಾಗಿರೋದು? ನಂಗೇನು ಕಮ್ಮಿ ಇದೆಯಾ?”

“ನೀನು ಬೇಡ,” ಎಂದ ಮುಕಾಶ್, ಅಗತ್ಯಕ್ಕಿಂತ ಗಡುಸಾಗಿ. ಉಗ್ರಾಣದಿಂದ ಬೀನ್ಸ್ ಕಾಳಿನ ಮೂಟೆಯೊಂದನ್ನು ಹೊತ್ತು ತಂದು ತೊಟ್ಟಿಲಲ್ಲಿ ಕೂರಿಸಿ ಹಗ್ಗ ಬಿಗಿದ.

ಓಟ ಶುರುವಾಗುವ ಕಣದ ಹತ್ತಿರ ಮೂಟೆಯನ್ನು ಕಂಡು ಎರಡು ಚಕ್ರದವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಹೊಸ ಜೊತೆಗಾರ ಮಾತು ಕಮ್ಮಿ ಅಂತ ಕಾಣುತ್ತೆ!” ಎಂದ ದಾರ್ಕಾನ್, ಹೊಸ ಗಾಡಿಯ ಮೇಲಿಂದ. ಮುಕಾಶನೂ ಬಿಟ್ಟುಕೊಡಲಿಲ್ಲ: “ಹೌದು ಮಾರಾಯ. ಇವನು ಸೊಂಟ ನೋವು ಅಂತ ಸುಳ್ಳು ಹೇಳಲ್ಲ.” ಎಲ್ಲರೂ ನಕ್ಕರು. ಜಪಾರ್ ಬಗ್ಗಿ ತನ್ನ ಗಾಡಿಯ ಸರಪಳಿ ನೋಡುತ್ತಿದ್ದ. ಆ ಮಾತು ಹೇಳಿದ ಮೇಲೆ ಮುಕಾಶನಿಗೆ ಮನಸ್ಸು ಸ್ವಲ್ಪ ಹಗುರಾಯಿತು. ಹೋಗಲಿ, ಅವನಿಗೂ ಆಸೆ ಇರುತ್ತದೆ, ನಾನೇ ಒಂದು ಸಲ ಕೇಳಬೇಕಿತ್ತು ಎಂದುಕೊಂಡ.

ಪಾಪ್ಲರ್ ಮರಗಳ ಸಾಲಿನ ನೇರ ದಾರಿಯಲ್ಲಿ ಎರಡು ಚಕ್ರದವರು ಮುಂದೆ ಹೋದರು. ಹೊಳೆಯಲ್ಲಿ ಅವರ ಗಾಡಿಗಳು ಉರುಟುಗಲ್ಲುಗಳ ಮೇಲೆ ಜಾರಿ ತಡವರಿಸುವಾಗ ಯುರಾಲ್ ಎಮ್ಮೆಯ ಹಾಗೆ ನೀರು ಸೀಳಿ ಮೊದಲು ದಡ ಹತ್ತಿತು. ಅದೂ ಪ್ರತಿವರ್ಷದಂತೆಯೇ. ಮೂಟೆ ಬಾಗದಿದ್ದರೂ ಅಲುಗದೆ ಕೂತಿತ್ತು. ಈ ಸಲವೂ ನಿಲುವಂಗಿ ನನ್ನದೇ ಎಂದು ಮುಕಾಶನಿಗೆ ಅನ್ನಿಸಿತು. ಒಂದು ಮಾತ್ರ ಅರ್ಥವಾಗಲಿಲ್ಲ. ಏರಿಯ ಮೇಲೆ ಜಾಗವಿದ್ದರೂ ಹಿಂದಿನವರು ಮುನ್ನುಗ್ಗುತ್ತಿರಲಿಲ್ಲ. ದಾರ್ಕಾನ್, ಜಪಾರ್, ಇನ್ನಿಬ್ಬರು ಒಟ್ಟೊಟ್ಟಿಗೆ, ಕುರಿಮಂದೆಯ ಹಿಂದೆ ಬರುವ ನಾಯಿಗಳ ಹಾಗೆ ಅವನ ಬೆನ್ನಿಗೇ ಬರುತ್ತಿದ್ದರು.

ತಿರುವು ಬಂತು. ಎಡಗಡೆ ಕಾಲುವೆಯ ನೀರು ಮಿಂಚಿತು. ಮುಕಾಶ್ ಹಲ್ಲು ಕಚ್ಚಿ ಕಣ್ಣು ತೆರೆದಿಡಲು ನೋಡಿದ. ಆಗಲಿಲ್ಲ. ಕೈ ಸಡಿಲವಾಯಿತು. ಆ ಕತ್ತಲಲ್ಲಿ ಅವನಿಗೆ ಬಲಗಡೆಯಿಂದ ಒಂದಾದ ಮೇಲೊಂದು ಸದ್ದು ದಾಟಿಹೋಗುವುದು ಕೇಳಿಸಿತು. ಮೊದಲು ದಾಟಿದ್ದು ಹಳೆಯ ಜಾವಾ. ಕಣ್ಣು ಬಿಟ್ಟಾಗ ಎದುರಿಗೆ ಬರೀ ಧೂಳು, ಧೂಳಿನಾಚೆ ಜಪಾರನ ಬೆನ್ನು.

ದಾರ್ಕಾನನ ಅಂಗಳದಲ್ಲಿ ಊಟ. ಮೂರು ಚಕ್ರದವರ ಕುರಿ ಆಗಲೇ ದೊಡ್ಡ ಕಡಾಯಿಯಲ್ಲಿ ಬೇಯುತ್ತಿತ್ತು. ಹಿರಿಯನಾದ ಸುವಾನ್ ಅಜ್ಜ ಜಪಾರನ ಹೆಗಲಿಗೆ ನಿಲುವಂಗಿ ಹೊದಿಸಿದಾಗ ಮುಕಾಶ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ನಿಜವಾಗಿಯೂ ಸಂತೋಷವೇ ಆಗಿತ್ತು. ನಿಲುವಂಗಿ ಜಪಾರನಿಗೆ ತುಸು ಉದ್ದವಾಗಿತ್ತು. ತೋಳಿನ ತುದಿ ಮಡಚಿಕೊಂಡು ಅವನು ಮದುಮಗನ ಹಾಗೆ ಕೆಂಪಾಗಿ ಕೂತಿದ್ದ.

ವೋಡ್ಕಾದ ಸುತ್ತು ಶುರುವಾಯಿತು. ದಾರ್ಕಾನ್ ಎದ್ದು ನಿಂತು ಗ್ಲಾಸು ಎತ್ತಿದ. “ಇದು ನಮ್ಮ ಮುಕಾಶನಿಗೆ. ಇಷ್ಟು ವರ್ಷ ನಮ್ಮನ್ನ ಸೋಲಿಸಿದ್ದು ಇವನ ಗಾಡಿ ಅಂದ್ಕೊಂಡಿದ್ದೆ ನಾನು. ಅಲ್ಲಪ್ಪಾ! ಈ ಮನುಷ್ಯ ಕಾಲುವೆ ತಿರುವಲ್ಲಿ ಕಣ್ಣು ಮುಚ್ಕೊಂಡು ಓಡಿಸ್ತಾನಂತೆ! ‘ಅಲ್ಲಿವರೆಗೂ ಸುಮ್ನೆ ಹಿಂದೆ ಬನ್ನಿ, ಅಲ್ಲಿ ತಾನಾಗೇ ದಾರಿ ಬಿಡ್ತಾನೆ’ ಅಂದ ಜಪಾರ್. ಹಾಗೇ ಬಿಟ್ಟ! ಕುರುಡನ ಹಿಂದೆ ಇಷ್ಟು ವರ್ಷ ಓಡಿದ್ವಲ್ಲೋ ನಾವು!”

ಅಂಗಳವೆಲ್ಲ ನಕ್ಕಿತು. ಯಾರೋ ಕಣ್ಣು ಮುಚ್ಚಿ ಹ್ಯಾಂಡಲು ಹಿಡಿದವರ ಹಾಗೆ ಅಣಕಿಸಿದರು. ಮುಕಾಶನೂ ನಗುವುದಕ್ಕೆ ಬಾಯಿ ತೆರೆದ. ಅತ್ತ ಹೆಂಗಸರ ನಡುವೆ ಶಾವಿಗೆಯಂಥ ಹಿಟ್ಟಿನ ಎಳೆಗಳನ್ನು ತಟ್ಟೆಗೆ ಬಡಿಸುತ್ತಿದ್ದ ಬುರುಲ್ ಕೈ ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು.

ಸುವಾನ್ ಅಜ್ಜ ಗ್ಲಾಸು ಕೆಳಗಿಟ್ಟ. “ನೂರ್ದಿನ್ ಹೋದ ಜಾಗ ಅದು,” ಎಂದ ಮೆಲ್ಲಗೆ.

ನಗು ಅಲ್ಲಲ್ಲೇ ಆರಿತು. ದಾರ್ಕಾನನ ಮುಖ ಬಿಳಿಚಿಕೊಂಡಿತು. “ಮುಕಾಶ್... ಅಯ್ಯೋ, ಆಣೆ ಮಾಡಿ ಹೇಳ್ತೀನಿ, ನಂಗೆ ಹೊಳೀಲೇ ಇಲ್ಲ ಕಣೋ. ಅವನು ಬರೀ ತಿರುವು ಅಂದ. ನಾನು ತಮಾಷೆ ಅಂದ್ಕೊಂಡು...”

“ಗೊತ್ತು ಬಿಡು. ನೀನು ಕುಡಿ,” ಎಂದ ಮುಕಾಶ್. ದಾರ್ಕಾನನಿಗೆ ಹೊಳೆದಿರಲಿಲ್ಲ, ಅದು ನಿಜ. ಹೊಳೆಯದೇ ಇರಲು ಸಾಧ್ಯವಿಲ್ಲದವನು ನಿಲುವಂಗಿ ಹೊದ್ದು ಎದುರಿಗೇ ತಲೆ ತಗ್ಗಿಸಿ ಕೂತಿದ್ದ. ಅವನ ಮುಂದಿನ ಮಾಂಸದ ಮೇಲೆ ಕೊಬ್ಬು ಆರಿ ಬೆಳ್ಳಗೆ ಗಟ್ಟಿಯಾಗುತ್ತಿತ್ತು. ಮುಕಾಶ್ ತನ್ನ ಪಾಲು ತಿಂದ. ಅರ್ಧಕ್ಕೆ ಎದ್ದುಹೋದರೆ ಜನ ಮಾತಾಡುತ್ತಾರೆಂದು, ರುಚಿ ತಿಳಿಯದಿದ್ದರೂ, ಮೂಳೆಯನ್ನು ಸ್ವಚ್ಛವಾಗಿ ಚೀಪಿ ಇಟ್ಟ.

ಮನೆಗೆ ಬರುವಾಗ ಬುರುಲ್ ತೊಟ್ಟಿಲು ಹತ್ತಲಿಲ್ಲ. ಅವನು ಗಾಡಿಯನ್ನು ಅವಳ ನಡಿಗೆಗೆ ಸಮನಾಗಿ ಓಡಿಸಿದ.

“ನನ್ನನ್ನೂ ಮಕ್ಕಳನ್ನೂ ಕೂರಿಸ್ಕೊಂಡು ಅದೇ ದಾರೀಲಿ ಹೋಗಿದೀರಲ್ಲ.”

“ನೀವಿದ್ದಾಗ ಆ ತಿರುವಲ್ಲಿ ಗಾಡಿ ನಿಲ್ಲಿಸಿಯೇ ತಿರುಗಿಸ್ತಿದ್ದೆ. ಎಂಜಿನ್ ಕಾದಿದೆ ಅಂತ ಹೇಳ್ತಿದ್ದೆ, ನೆನಪಿಲ್ವಾ?”

ಅವಳು ದಾರಿ ನೋಡುತ್ತಲೇ ಹೇಳಿದಳು: “ನಂಗೆ ಹೇಳ್ಬೇಕು ಅನ್ನಿಸ್ಲಿಲ್ಲ. ಅವನಿಗೆ ಹೇಳಿದ್ರಿ.”

“ಅವನಿಗೂ ನಾನು ಹೇಳಿರಲಿಲ್ಲ,” ಎಂದ ಮುಕಾಶ್. “ಅವನೇ ತಿಳ್ಕೊಂಡ.”

ಮರುದಿನ ಬೆಳಗ್ಗೆ ಜಪಾರ್ ನಡೆದುಕೊಂಡು ಬಂದ. ಗಾಡಿಯೂ ಇರಲಿಲ್ಲ, ನಿಲುವಂಗಿಯೂ ಇರಲಿಲ್ಲ. ಬಾಗಿಲಿಗೆ ಬಂದವನನ್ನು ಒಳಗೆ ಕರೆಯದಿರುವುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬುರುಲ್ ಮೇಜುಬಟ್ಟೆ ಹಾಸಿ ರೊಟ್ಟಿ ಮುರಿದಿಟ್ಟಳು. ಚಹಾ ಹಾಕಲು ನಿಲ್ಲದೆ ದನದ ಕೊಟ್ಟಿಗೆಗೆ ಹೋದಳು.

“ಗಾಡಿಗೆ ಬದಲಾಗಿ ಹೇಳಿದ್ಯಾ?” ಎಂದು ಮುಕಾಶ್ ಕೇಳಿದ. ಹಾಗಿದ್ದರೆ ಸಾಕು ಎಂದು ಅವನು ರಾತ್ರಿಯೆಲ್ಲ ಬೇಡಿಕೊಂಡಿದ್ದ. ಆಸೆಗೆ ಮಾರಿದ್ದಾದರೆ ಕ್ಷಮಿಸಬಹುದಿತ್ತು.

ಜಪಾರ್ ತಲೆ ಅಲ್ಲಾಡಿಸಿದ. “ಇಲ್ಲಣ್ಣ. ಗಾಡಿ ಅವನು ಮೊದಲೇ ಕೊಟ್ಟಿದ್ದ. ಏನೂ ಕೇಳಲಿಲ್ಲ.”

“ಮತ್ತೆ?”

“ಗೆಲ್ಬೇಕು ಅನ್ನಿಸ್ತು.” ರೊಟ್ಟಿಯ ಚೂರನ್ನು ಅವನು ಬಾಯಿಗಿಡದೆ ಬೆರಳಲ್ಲೇ ತಿರುಗಿಸುತ್ತಿದ್ದ. “ನೀವು ಬರೋಕೆ ಮೊದಲು ಕಣದ ಹತ್ತಿರ ನಿಂತು ಎಲ್ಲಾ ಲೆಕ್ಕ ಹಾಕ್ತಿದ್ರು, ನಿಮ್ಮನ್ನ ಎಲ್ಲಿ ಹಿಡೀಬೇಕು ಅಂತ. ನಾನು ಸುಮ್ನೆ ಇದ್ದೆ. ಆಮೇಲೆ ಬಾಯಿಗೆ ಬಂದ್ಬಿಡ್ತು. ಅಷ್ಟೂ ಜನ ನನ್ನ ಕಡೆ ತಿರುಗಿ ಕೇಳಿದ್ರು, ಅಣ್ಣ. ನಾನು ಹೇಳಿದ್ದನ್ನ ಯಾರಾದ್ರೂ ಹಾಗೆ ಕೇಳಿದ್ದು ಅದೇ ಮೊದಲು.”

ಮುಕಾಶ್ ಕಿಟಕಿಯಾಚೆ ನೋಡಿದ. ಅಂಗಳದಲ್ಲಿ ಕೋಳಿಗಳು ಮೂಟೆಯಿಂದ ಚೆಲ್ಲಿದ ಕಾಳನ್ನು ಹೆಕ್ಕುತ್ತಿದ್ದವು.

“ತಿರುವಿಗೆ ಬಂದಾಗ,” ಎಂದ ಜಪಾರ್, “ಕೂಗೋಣ ಅಂದ್ಕೊಂಡೆ. ಬಾಯೂ ತೆಗೆದೆ.”

“ಕೂಗ್ಲಿಲ್ಲ.”

“ಇಲ್ಲ.”

ಮುಕಾಶ್ ಚಹಾದ ಕುಡಿಕೆಯನ್ನು ತನ್ನ ಕಡೆ ಎಳೆದುಕೊಂಡ. ಚಹಾ ಹಾಕುವುದು ಬುರುಲಳ ಕೆಲಸ. ಅವಳು ಜಪಾರನಿಗೆ ಯಾವಾಗಲೂ ಅರ್ಧ ಬಟ್ಟಲಿಗಿಂತ ಕಡಿಮೆಯೇ ಹಾಕುತ್ತಿದ್ದಳು. ಅರ್ಧ ಬಟ್ಟಲೆಂದರೆ ಕೂರಿ, ಮತ್ತೆ ಹಾಕುತ್ತೇನೆ, ಮಾತು ಮುಗಿದಿಲ್ಲ ಎಂದು. ಬೇಕಾದವರ ಮುಂದೆ ಆ ಕಡೆ ಯಾರೂ ತುಂಬಿದ ಬಟ್ಟಲು ಇಡುವುದಿಲ್ಲ. ಇಟ್ಟರೆ, ಕುಡಿದು ಹೊರಡು ಎಂದೇ ಅರ್ಥ. ಮುಕಾಶ್ ಆತುರಪಡದೆ ಸುರಿದ. ಚಹಾ ಅಂಚಿಗೆ ಬಂತು, ಅಂಚಿನ ಮೇಲೆ ಉಬ್ಬಿ ನಿಂತಿತು. ಬಲಗೈಯಲ್ಲಿ ಬಟ್ಟಲನ್ನು ಮೆಲ್ಲಗೆ ಜಾರಿಸಿ ಜಪಾರನ ಮುಂದೆ ತಂದ.

ಜಪಾರ್ ಅದನ್ನು ನೋಡಿದ. ಎತ್ತಲು ಹೋದರೆ ಚೆಲ್ಲುವಂತಿತ್ತು. ಕೈಗಳನ್ನು ಮೊಣಕಾಲ ಮೇಲೆಯೇ ಇಟ್ಟುಕೊಂಡು, ಸೊಂಟದಿಂದ ಮುಂದಕ್ಕೆ ಬಾಗಿ, ಅವನು ಬಟ್ಟಲಿನ ಅಂಚಿಗೆ ತುಟಿ ಹಚ್ಚಿದ.