ಮೈಕ್ ಸತ್ತ ಮೇಲೆ ಹಾಡಿದ್ದು

ಮಗ್ಗದ ಶೆಡ್ಡಿಗೆ ಸೇರಿ ನಾಲ್ಕು ವರ್ಷ ಕಳೆದರೂ ಎಲ್ಲರಿಗೂ ಅವಳಿನ್ನೂ 'ಹೊಸಬಳು'. ಅರವತ್ತು ಮಗ್ಗಗಳು ಒಟ್ಟಿಗೆ ಬಡಿಯುವ ಆ ಜಾಗದಲ್ಲಿ ಕಿರುಚಿದರೂ ಪಕ್ಕದವರಿಗೆ ಕೇಳುವುದಿಲ್ಲ. ಹಾಗಾಗಿ ಅಲ್ಲಿನ ಹೆಂಗಸರು ದನಿಯಿಲ್ಲದೆ, ತುಟಿಯನ್ನು ದೊಡ್ಡದಾಗಿ ಆಡಿಸಿ ಮಾತಾಡುತ್ತಿದ್ದರು. ಎದುರಿನವರು ನೋಡಿಯೇ ತಿಳಿದುಕೊಳ್ಳುತ್ತಿದ್ದರು. ಆರೇ ತಿಂಗಳಲ್ಲಿ ಹೊಸಬಳಿಗೂ ಅದು ಬಂತು. ಯಾರ ಅತ್ತೆಗೆ ಮಂಡಿನೋವು, ಯಾರ ಗಂಡ ಮಾತು ಬಿಟ್ಟಿದ್ದಾನೆ, ಎಲ್ಲ ಗೊತ್ತಾಯಿತು. ಆದರೆ ತುಟಿಮಾತು ನಡೆಯಬೇಕಾದರೆ ಎದುರಿನವರು ಮುಖ ತಿರುಗಿಸಬೇಕು. ಅವಳ ಕಡೆ ಯಾರೂ ತಿರುಗಲಿಲ್ಲ. ಹೊರಗಿನವಳಿಗೆ ಇದೆಲ್ಲಿ ಅರ್ಥವಾದೀತು ಎಂದುಕೊಂಡು ಅವಳೆದುರೇ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಆಡಿಕೊಳ್ಳುತ್ತಿದ್ದರು. ಊಟದ ಹೊತ್ತಿನಲ್ಲಿ ತಾನಾಗಿ ಹೋಗಿ ಬಾಯಿಬಿಡಲು ಅವಳಿಗೆ ನಾಲಿಗೆಯೇ ಏಳುತ್ತಿರಲಿಲ್ಲ.

ಕೊನೆಗೆ ಒಂದು ಹಾಡು ಬರೆದಳು. ಅಲ್ಲೇ ಬಣ್ಣ ಹಾಕುವ ವಿಭಾಗದಲ್ಲಿದ್ದ ಅವಳ ಅಕ್ಕನ ಗಂಡ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ರಾಕ್ ಬ್ಯಾಂಡ್ ಮಾಡಿದ್ದ. ಡ್ರಮ್ ಅವನದು.

"ಭಾವ, ಪದ ಕೇಳೋ ಹಾಗೆ ಬಾರಿಸಿ."

"ರಾಕ್ ಅಂದ್ರೆ ಲಾಲಿ ಹಾಡಲ್ಲಮ್ಮ. ಬರೆದವಳು ನೀನು, ಕೂಗೋಳೂ ನೀನೇ."

ವಾರ್ಷಿಕ ಕೂಟದ ಮಧ್ಯಾಹ್ನ, ನೂಲಿನ ಗೋದಾಮಿನಲ್ಲಿ, ಹಾಡಿನ ಎರಡನೇ ಸಾಲಿಗೇ ಮೈಕ್ ಸತ್ತಿತು. ಹಿಂದೆ ಭಾವ ಕಣ್ಣು ಮುಚ್ಚಿ ಬಾರಿಸುತ್ತಲೇ ಇದ್ದ. ಮುಂದೆ ಸೂಪರ್‌ವೈಸರ್ ಕಿವಿಗೆ ಬೆರಳಿಟ್ಟುಕೊಂಡಿದ್ದ. ಹೊಸಬಳಿಗೆ ಅಳು ಬಂತು. ಆಗಲೇ ಅವಳು ಗಮನಿಸಿದ್ದು: ನೋಡಲು ಬೇರೇನೂ ಇಲ್ಲದೆ ಶೆಡ್ಡಿನ ನಲವತ್ತು ಹೆಂಗಸರೂ ಅವಳ ಮುಖವನ್ನೇ ನೋಡುತ್ತಿದ್ದರು. ಕೂಗುವುದನ್ನು ಬಿಟ್ಟಳು. ಮೊದಲಿನಿಂದ, ಬರೀ ತುಟಿಯಲ್ಲಿ ಹಾಡಿದಳು.

ನಿಮ್ಮತ್ತೆಯ ಮಂಡಿನೋವು ನಾನು ಬಲ್ಲೆ,
ನಿಮ್ಮ ಗಂಡನ ಮುನಿಸೂ ನಾನು ಬಲ್ಲೆ,
ಅಮ್ಮ ಸತ್ತು ಎಂಟು ದಿನ ಕಳೆದು ಬಂದೆ,
ಎಲ್ಲಿದ್ದೆ ಅಂತ ಒಬ್ಬರಾದರೂ ಕೇಳಿದಿರಾ?

ಮೊದಲ ಸಾಲಿಗೇ ಶೆಡ್ಡಿನ ಹಿರಿಯಳಾದ ದೊಡ್ಡಕ್ಕ ಪಕ್ಕದವಳ ತೊಡೆ ಚಿವುಟಿದಳು. ನಾಲ್ಕನೆಯದಕ್ಕೆ ಯಾರೂ ಅಲುಗಾಡಲಿಲ್ಲ.

ಹಾಡು ಮುಗಿಸಿ ಅವಳು ಕೆಳಗಿಳಿದದ್ದೇ ತಡ, ಎಲ್ಲ ವೇದಿಕೆಯ ಬದಿಗೆ ನುಗ್ಗಿದರು.

"ಲೇ ಕಳ್ಳಿ! ನಾಲ್ಕು ವರ್ಷ ಎಲ್ಲ ಕೇಳಿಸ್ಕೊಂಡು ಕಲ್ಲಿನ ಹಾಗೆ ಕೂತಿದ್ಯಾ?" ಎಂದಳು ದೊಡ್ಡಕ್ಕ.

"ಕೂರೋಕೆ ಎಲ್ಲಿ ಬಿಡ್ತಾರೆ ದೊಡ್ಡಕ್ಕ, ನಿಂತೇ ಇದ್ದೆ. ಎಷ್ಟೋ ಸಲ ನಾನೂ ತುಟಿ ಆಡಿಸಿ ಹೇಳಿದೆ. ನೀವು ಈ ಕಡೆ ತಿರುಗಲೇ ಇಲ್ಲ."

"ನನ್ನ ಗಂಡನ ವಿಷಯ ಊರಿಗೆಲ್ಲ ಸಾರಿಬಿಟ್ಯಲ್ಲೇ!" ಹಿಂದಿನಿಂದ ಒಬ್ಬಳು ಹಾರಾಡಿದಳು.

"ಊರಿಗೆಲ್ಲಿ ಕೇಳಿಸ್ತು? ಬರೀ ನಮಗೆ. ಸುಮ್ನಿರೇ," ಎಂದು ಅವಳನ್ನು ಗದರಿ, ದೊಡ್ಡಕ್ಕ ಇತ್ತ ತಿರುಗಿದಳು. "ಅಮ್ಮನಿಗೆ ಏನಾಗಿತ್ತು?"

ಆ ಉತ್ತರವನ್ನು ಹೊಸಬಳು ಮಗ್ಗದ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಳು. ಈಗ ಎಲ್ಲಿಂದ ಶುರುಮಾಡುವುದೆಂದೇ ತೋಚಲಿಲ್ಲ.

"ಮೊದಲು ಬರೀ ಕೆಮ್ಮು ಅಂದ್ಕೊಂಡಿದ್ವಿ..."

"ವೈರ್ ಸರಿಯಾಯ್ತು, ಬಾರಮ್ಮ!" ಭಾವ ಮೇಲಿಂದ ಕರೆದ. "ಈಗ ಎಲ್ಲರಿಗೂ ಕೇಳೋ ಹಾಗೆ ಹಾಡು!"

ಅವಳು ತಿರುಗದೆಯೇ ತಡೆಯಿರಿ ಎಂದು ಕೈ ತೋರಿಸಿ, ಕೆಮ್ಮು ಶುರುವಾದ ದಿನದಿಂದ ಹೇಳತೊಡಗಿದಳು.